ಸೂರ್ಯ ಮುಳುಗದ ನಾಡಿನಲ್ಲಿ ಅನಸ್ತಮಿತ ವ್ರತ

ಕಳೆದ ದಶಲಕ್ಷಣ ಪರ್ವದ ದಿನಗಳಲ್ಲಿ ನಮ್ಮೂರಿನ ಬಸದಿಯಲ್ಲಿ ಸ್ವಾಧ್ಯಾಯ ಮುಗಿದ ಮೇಲೆ ಶ್ರಾವಿಕೆಯೊಬ್ಬರು ಒಂದು ಪ್ರಶ್ನೆಯನ್ನು ಮುಂದಿಟ್ಟರು. ಅವರ ಮಗ ಉನ್ನತ ವ್ಯಾಸಂಗಕ್ಕಾಗಿ ನಾರ್ವೆ ದೇಶದ ಉತ್ತರ ಭಾಗದಲ್ಲಿರುವ ಟ್ರೊಮ್ಸೊ ಎಂಬ ನಗರಕ್ಕೆ ಹೋಗಿದ್ದಾನೆ. ಹೊರಡುವ ಮುನ್ನ ಮುನಿಗಳೊಬ್ಬರ ಸನ್ನಿಧಿಯಲ್ಲಿ ಅನಸ್ತಮಿತ ವ್ರತವನ್ನು, ಅಂದರೆ ಸೂರ್ಯಾಸ್ತದ ನಂತರ ಆಹಾರ ಸೇವಿಸದಿರುವ ನಿಯಮವನ್ನು ಸ್ವೀಕರಿಸಿದ್ದಾನೆ. ಈಗ ಆತ ತಾಯಿಗೆ ತಿಳಿಸಿರುವುದೇನೆಂದರೆ, ನವೆಂಬರ್ ತಿಂಗಳ ಕೊನೆಯಿಂದ ಜನವರಿ ತಿಂಗಳ ನಡುವಿನವರೆಗೆ ಆ ಊರಿನಲ್ಲಿ ಸೂರ್ಯನು ಉದಯಿಸುವುದೇ ಇಲ್ಲವಂತೆ. ಮೇ ತಿಂಗಳ ಉತ್ತರಾರ್ಧದಿಂದ ಜುಲೈ ತಿಂಗಳ ಉತ್ತರಾರ್ಧದವರೆಗೆ ಮುಳುಗುವುದೇ ಇಲ್ಲವಂತೆ. "ಹಾಗಾದರೆ ಅವನು ಚಳಿಗಾಲದಲ್ಲಿ ಏಳು ವಾರ ಉಪವಾಸ ಇರಬೇಕೆ? ಬೇಸಗೆಯಲ್ಲಿ ನಡುರಾತ್ರಿ ಉಂಡರೂ ದೋಷವಿಲ್ಲವೆ?" ಎಂಬುದು ಆ ತಾಯಿಯ ಪ್ರಶ್ನೆ. ಕೇಳಿದವರಲ್ಲಿ ಕೆಲವರು ನಕ್ಕರು. ತಾಯಿ ನಗಲಿಲ್ಲ. ವ್ರತವನ್ನು ಕೊಟ್ಟವರ ಮುಂದೆ ಮಗ ಆಡಿದ ಮಾತು ಸುಳ್ಳಾಗಬಾರದೆಂಬ ಚಿಂತೆ ಅವರ ಮುಖದಲ್ಲಿ ಕಾಣುತ್ತಿತ್ತು.

ಅಂದು ನನಗೂ ಉತ್ತರ ತೋಚಲಿಲ್ಲ. ಮನೆಗೆ ಬಂದು, ಇಂಥ ನಾಡುಗಳಿಗೆ ಹಿಂದೆ ಹೋದವರು ಏನು ಕಂಡರು, ಕಾಲವನ್ನು ಹೇಗೆ ಅಳೆದರು ಎಂಬುದನ್ನು ಇತಿಹಾಸದ ಪುಟಗಳಲ್ಲಿ ಹುಡುಕತೊಡಗಿದೆ. ಅದರ ಫಲ ಈ ಲೇಖನ. ಧಾರ್ಮಿಕ ನಿರ್ಣಯವನ್ನು ನೀಡುವ ಅಧಿಕಾರ ಆಚಾರ್ಯರದು, ಮುನಿಗಳದು; ನಾನು ಒಬ್ಬ ವ್ಯಾಪಾರಿ. ಆದರೆ ನಿರ್ಣಯಕ್ಕೆ ಬೇಕಾದ ಸಂಗತಿಗಳನ್ನು ಜೋಡಿಸಿಡುವುದು ಗೃಹಸ್ಥರಿಂದಲೂ ಆಗಬಹುದಾದ ಕೆಲಸವೆಂದು ಭಾವಿಸಿದ್ದೇನೆ.

ಹಗಲು ಏಕೆ ಬೆಳೆಯುತ್ತದೆ

ಮೊದಲು ವಿಷಯದ ಸ್ವರೂಪವನ್ನು ತಿಳಿಯೋಣ. ಆಗಮಗಳು ಹೇಳುವ ಲೋಕರಚನೆಯ ವಿಚಾರವನ್ನು ಇಲ್ಲಿ ಚರ್ಚಿಸುವುದಿಲ್ಲ; ಕಣ್ಣಿಗೆ ಕಾಣುವ ಹಗಲಿನ ಅಳತೆಯನ್ನಷ್ಟೇ ಆಧುನಿಕ ಖಗೋಳಶಾಸ್ತ್ರದ ಲೆಕ್ಕದಂತೆ ವಿವರಿಸುತ್ತೇನೆ. ಭೂಮಿಯು ತನ್ನ ಸುತ್ತ ತಿರುಗುವ ಅಕ್ಷವು ನೆಟ್ಟಗಿಲ್ಲ. ಸುಮಾರು 23½ ಅಂಶ ವಾಲಿದೆ. ಆ ವಾಲು ಸದಾ ಒಂದೇ ದಿಕ್ಕಿಗಿರುವುದರಿಂದ, ವರ್ಷದ ಅರ್ಧ ಭಾಗ ಉತ್ತರ ಗೋಳಾರ್ಧವು ಸೂರ್ಯನ ಕಡೆಗೂ ಉಳಿದರ್ಧ ಅವನಿಂದ ಆಚೆಗೂ ಬಾಗಿರುತ್ತದೆ. ಸಮಭಾಜಕ ವೃತ್ತದ ಹತ್ತಿರವಿರುವ ನಮಗೆ ಇದರ ಪರಿಣಾಮ ಅಲ್ಪ. ಶ್ರವಣಬೆಳಗೊಳದಲ್ಲಿ ವರ್ಷದ ಅತಿ ದೀರ್ಘ ಹಗಲು ಸುಮಾರು 12 ಗಂಟೆ 53 ನಿಮಿಷ. ಅತಿ ಹ್ರಸ್ವವಾದದ್ದು ಸುಮಾರು 11 ಗಂಟೆ 22 ನಿಮಿಷ. ಎರಡಕ್ಕೂ ಇರುವ ಅಂತರ ಒಂದೂವರೆ ಗಂಟೆ ಮಾತ್ರ. ಆದ್ದರಿಂದಲೇ ನಮ್ಮ ಮನೆಗಳಲ್ಲಿ ಸಂಜೆಯ ಊಟದ ಹೊತ್ತು ವರ್ಷವಿಡೀ ಹೆಚ್ಚು ಕಡಿಮೆ ಒಂದೇ ಆಗಿರುತ್ತದೆ.

ಉತ್ತರಕ್ಕೆ ಹೋದಂತೆಲ್ಲ ಈ ಅಂತರ ಹಿಗ್ಗುತ್ತದೆ. ಸ್ವೀಡನ್ ದೇಶದ ರಾಜಧಾನಿ ಸ್ಟಾಕ್‌ಹೋಮ್‌ನಲ್ಲಿ ಜೂನ್ ತಿಂಗಳ ಹಗಲು ಹದಿನೆಂಟೂವರೆ ಗಂಟೆ, ಡಿಸೆಂಬರ್ ತಿಂಗಳ ಹಗಲು ಆರು ಗಂಟೆ. ಸುಮಾರು 66½ ಅಂಶ ಉತ್ತರ ಅಕ್ಷಾಂಶವನ್ನು ದಾಟಿದರೆ ವರ್ಷದಲ್ಲಿ ಕೆಲವು ದಿನವಾದರೂ ಸೂರ್ಯ ಮುಳುಗದಿರುವುದೂ ಕೆಲವು ದಿನ ಮೂಡದಿರುವುದೂ ಆರಂಭವಾಗುತ್ತದೆ. ಟ್ರೊಮ್ಸೊ ನಗರವು 69½ ಅಂಶಕ್ಕಿಂತ ತುಸು ಉತ್ತರದಲ್ಲಿದೆ. ಇನ್ನೂ ಉತ್ತರಕ್ಕಿರುವ ಸ್ವಾಲ್‌ಬಾರ್ಡ್ ದ್ವೀಪಗಳ ಲಾಂಗ್‌ಯಿಯರ್‌ಬ್ಯೆನ್ ಎಂಬ ಊರಿನಲ್ಲಿ ಅಕ್ಟೋಬರ್ ಕೊನೆಯಿಂದ ಫೆಬ್ರುವರಿ ನಡುವಿನವರೆಗೆ ಸೂರ್ಯದರ್ಶನವಿಲ್ಲ. ಏಪ್ರಿಲ್ ಉತ್ತರಾರ್ಧದಿಂದ ಆಗಸ್ಟ್ ಉತ್ತರಾರ್ಧದವರೆಗೆ ಸೂರ್ಯಾಸ್ತವಿಲ್ಲ. ಧ್ರುವ ಬಿಂದುವಿನಲ್ಲಂತೂ ವರ್ಷಕ್ಕೆ ಒಂದೇ ಉದಯ, ಒಂದೇ ಅಸ್ತ.

ಈ ಬದಲಾವಣೆಯ ವೇಗವೂ ಗಮನಾರ್ಹ. ವಿಷುವದ ಸುಮಾರಿನಲ್ಲಿ, ಅಂದರೆ ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ, ನಮ್ಮಲ್ಲಿ ಹಗಲು ದಿನಕ್ಕೆ ಮುಕ್ಕಾಲು ನಿಮಿಷದಷ್ಟು ಮಾತ್ರ ಹೆಚ್ಚು ಕಡಿಮೆಯಾಗುತ್ತದೆ. ಟ್ರೊಮ್ಸೊದಲ್ಲಿ ಅದೇ ಕಾಲಕ್ಕೆ ದಿನಕ್ಕೆ ಎಂಟು ಒಂಬತ್ತು ನಿಮಿಷ ವ್ಯತ್ಯಾಸವಾಗುತ್ತದೆ. ಒಂದು ವಾರದಲ್ಲಿ ಒಂದು ಗಂಟೆ! ಸೂರ್ಯನನ್ನೇ ಗಡಿಯಾರವೆಂದು ನಂಬಿದವನು ಅಲ್ಲಿ ಪ್ರತಿವಾರ ತನ್ನ ದಿನಚರಿಯನ್ನು ಹೊಸದಾಗಿ ಬರೆಯಬೇಕು.

ಹಿಂದಿನವರು ಕಂಡದ್ದು

ಈ ಸಂಗತಿಯನ್ನು ಮೊದಲು ಬರೆದಿಟ್ಟವರಲ್ಲಿ ಒಬ್ಬ ಪಿಥಿಯಾಸ್. ಆತ ಮಸ್ಸಾಲಿಯಾ ಎಂಬ ಗ್ರೀಕ್ ವ್ಯಾಪಾರ ಪಟ್ಟಣದವನು. ಅದು ಇಂದಿನ ಫ್ರಾನ್ಸ್ ದೇಶದ ಮಾರ್ಸೇ. ಕ್ರಿ.ಪೂ. 325ರ ಸುಮಾರಿನಲ್ಲಿ ಆತ ಬ್ರಿಟನ್ ದ್ವೀಪವನ್ನು ದಾಟಿ ಉತ್ತರ ಸಮುದ್ರಗಳಿಗೆ ಹೋದ. ಬ್ರಿಟನ್ನಿನಿಂದ ಆರು ದಿನ ನೌಕಾಯಾನ ಮಾಡಿದರೆ ಸಿಗುವ ಥೂಲೆ ಎಂಬ ನಾಡಿನ ವಿಷಯವನ್ನು ತಿಳಿಸಿದ. ಆತನ ಗ್ರಂಥ ನಷ್ಟವಾಗಿದೆ. ಬೇರೆಯವರು ಉದ್ಧರಿಸಿದ ತುಣುಕುಗಳಷ್ಟೇ ಉಳಿದಿವೆ. ಜೆಮಿನಸ್ ಎಂಬ ಖಗೋಳಶಾಸ್ತ್ರಜ್ಞ ಉಳಿಸಿಕೊಟ್ಟ ತುಣುಕಿನ ಪ್ರಕಾರ, ಸೂರ್ಯನು ಎಲ್ಲಿ ವಿಶ್ರಮಿಸುತ್ತಾನೆಂಬುದನ್ನು ಆ ನಾಡಿನ ಜನರು ಈ ಪ್ರಯಾಣಿಕರಿಗೆ ತೋರಿಸಿದರು. ಅಲ್ಲಿ ರಾತ್ರಿಯು ಕೆಲವೆಡೆ ಎರಡು, ಕೆಲವೆಡೆ ಮೂರು ಗಂಟೆ ಮಾತ್ರ ಇತ್ತು. ಊರಿಗೆ ಮರಳಿದ ಪಿಥಿಯಾಸನಿಗೆ ದೊರೆತ ಬಹುಮಾನವೇನು? ಮೂರು ಶತಮಾನಗಳ ನಂತರ ಭೂಗೋಳವನ್ನು ಬರೆದ ಸ್ಟ್ರಾಬೋ ಅವನನ್ನು ಸುಳ್ಳುಗಾರನೆಂದು ಜರೆದ. ತಾನು ಕಾಣದ್ದು ಇರಲಾರದೆಂಬ ಏಕಾಂತದ ಹಟ ಪಂಡಿತರನ್ನೂ ಬಿಡುವುದಿಲ್ಲ.

ಕ್ರಿ.ಶ. 6ನೆಯ ಶತಮಾನದ ಪ್ರೊಕೋಪಿಯಸ್ ಎಂಬ ಇತಿಹಾಸಕಾರನು ಇನ್ನೂ ಸ್ವಾರಸ್ಯವಾದ ವಿವರವನ್ನು ಕೊಡುತ್ತಾನೆ. ತಾನು ಅಲ್ಲಿಗೆ ಹೋಗಲಾಗಲಿಲ್ಲವೆಂದೂ ಅಲ್ಲಿಂದ ಬಂದವರನ್ನು ವಿಚಾರಿಸಿ ಬರೆಯುತ್ತಿರುವೆನೆಂದೂ ಆತ ಪ್ರಾಮಾಣಿಕವಾಗಿ ಒಪ್ಪಿಕೊಂಡಿದ್ದಾನೆ. ಥೂಲೆ ನಾಡಿನಲ್ಲಿ ಬೇಸಗೆಯ 40 ದಿನ ಸೂರ್ಯ ಮುಳುಗುವುದಿಲ್ಲ, ಚಳಿಗಾಲದ 40 ದಿನ ಕಾಣಿಸಿಕೊಳ್ಳುವುದಿಲ್ಲ. ಕತ್ತಲೆಯ 35 ದಿನಗಳು ಕಳೆದ ಮೇಲೆ ಊರಿನವರು ಕೆಲವರನ್ನು ಬೆಟ್ಟದ ತುದಿಗೆ ಕಳುಹಿಸುತ್ತಾರೆ. ಅವರು ಅಲ್ಲಿಂದ ಸೂರ್ಯನನ್ನು ಅಸ್ಪಷ್ಟವಾಗಿ ಕಂಡು, ಇನ್ನು ಐದು ದಿನಗಳಲ್ಲಿ ಬೆಳಕು ಬರುವುದೆಂದು ಕೆಳಗಿನವರಿಗೆ ಸಾರುತ್ತಾರೆ. ಆಗ ಜನರೆಲ್ಲ ಸೇರಿ ಕತ್ತಲೆಯಲ್ಲಿಯೇ ಹಬ್ಬವನ್ನು ಆಚರಿಸುತ್ತಾರೆ. ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಸೂರ್ಯನಿಲ್ಲದ 35 ದಿನಗಳನ್ನು ಅವರು ಎಣಿಸಿದ್ದರು. ಹಗಲು ರಾತ್ರಿಗಳ ಗುರುತು ಆಕಾಶದಲ್ಲಿ ಅಳಿಸಿಹೋದಾಗಲೂ ದಿನಗಣನೆ ನಿಲ್ಲಲಿಲ್ಲ. ಇಂದಿಗೂ ಟ್ರೊಮ್ಸೊ ನಗರದಲ್ಲಿ ಜನವರಿ 21ರಂದು ಸೂರ್ಯನ ದಿನವನ್ನು ಆಚರಿಸುತ್ತಾರೆ. ಲೆಕ್ಕದ ಪ್ರಕಾರ ಸೂರ್ಯನು ಅದಕ್ಕೂ ಕೆಲವು ದಿನ ಮೊದಲೇ ದಿಗಂತವನ್ನು ಮೀರುತ್ತಾನಾದರೂ ಸುತ್ತಲಿನ ಬೆಟ್ಟಗಳ ಮರೆಯಿಂದ ಊರಿಗೆ ಕಾಣುವುದು ಅಂದೇ.

ನಮ್ಮ ವಿಷಯಕ್ಕೆ ಬಹು ಸಮೀಪವಾದದ್ದು ಐರ್ಲೆಂಡ್ ಮೂಲದ ಡಿಕುಯಿಲ್ ಎಂಬ ಕ್ರೈಸ್ತ ಸಂನ್ಯಾಸಿಯ ಬರಹ. ಕ್ರಿ.ಶ. 825ರಲ್ಲಿ ಆತ ರಚಿಸಿದ ಭೂವರ್ಣನೆಯಲ್ಲಿ, ಮೂವತ್ತು ವರ್ಷಗಳ ಹಿಂದೆ ಥೂಲೆಯಲ್ಲಿ ಫೆಬ್ರುವರಿಯಿಂದ ಆಗಸ್ಟ್‌ವರೆಗೆ ವಾಸವಾಗಿದ್ದ ಧರ್ಮಗುರುಗಳು ತನಗೆ ಹೇಳಿದ್ದನ್ನು ದಾಖಲಿಸಿದ್ದಾನೆ. ಆ ನಾಡು ಇಂದಿನ ಐಸ್‌ಲೆಂಡ್ ಎಂಬುದು ವಿದ್ವಾಂಸರ ಅಭಿಪ್ರಾಯ. ಬೇಸಗೆಯ ನಡುವಿನ ದಿನಗಳಲ್ಲಿ ಸೂರ್ಯನು ಚಿಕ್ಕದೊಂದು ದಿಬ್ಬದ ಹಿಂದೆ ಮರೆಯಾದಂತೆ ತುಸು ಹೊತ್ತು ಮರೆಯಾಗುತ್ತಾನೆಯೇ ಹೊರತು ಕತ್ತಲಾಗುವುದಿಲ್ಲ; ಮನುಷ್ಯನು ಆ ಹೊತ್ತಿನಲ್ಲಿ ಯಾವ ಕೆಲಸವನ್ನಾದರೂ ಮಾಡಬಹುದು, ಅಂಗಿಯಲ್ಲಿನ ಹೇನುಗಳನ್ನು ಸಹ ಹೆಕ್ಕಬಹುದು ಎಂದು ಅವರು ಹೇಳಿದರಂತೆ. ಅಹಿಂಸಾ ಧರ್ಮದವರಾದ ನಮಗೆ ಆ ಕೆಲಸ ಒಪ್ಪಿಗೆಯಾಗದಿರಬಹುದು. ಆದರೆ ಅವರು ಬೆಳಕನ್ನು ಅಳೆದ ಮಾನದಂಡವನ್ನು ನೋಡಿ. ಅತಿ ಸಣ್ಣ ಜೀವಿಯೊಂದು ಕಣ್ಣಿಗೆ ಕಾಣುವಷ್ಟು ಬೆಳಕಿದ್ದರೆ ಅದು ಹಗಲು ಎಂಬುದು ಅವರ ಅಳತೆ. ರಾತ್ರಿ ಭೋಜನವನ್ನು ತ್ಯಜಿಸಬೇಕೆಂದ ನಮ್ಮ ಆಚಾರ್ಯರ ಮನಸ್ಸಿನಲ್ಲಿದ್ದ ಕಾರಣಗಳಲ್ಲಿ ಇದೂ ಒಂದಲ್ಲವೆ?

ಧರ್ಮನಿಯಮವೊಂದು ಉತ್ತರದ ಬೆಳಕಿನೊಡನೆ ಮುಖಾಮುಖಿಯಾದ ಪ್ರಸಂಗವನ್ನು ಬಾಗ್ದಾದಿನ ಇಬ್ನ್ ಫದ್ಲಾನ್ ಬರೆದಿಟ್ಟಿದ್ದಾನೆ. ಖಲೀಫನ ದೂತಮಂಡಳಿಯೊಡನೆ 921ರಲ್ಲಿ ಹೊರಟು 922ರ ಬೇಸಗೆಯ ಮೊದಲಲ್ಲಿ ಆತ ವೋಲ್ಗಾ ನದೀತೀರದ ಬುಲ್ಗಾರರ ನಾಡನ್ನು ಸೇರಿದ. ಅದು ಧ್ರುವ ಪ್ರದೇಶವೇನೂ ಅಲ್ಲ. ಸುಮಾರು 55 ಅಂಶ ಉತ್ತರದಲ್ಲಿದೆ. ಆದರೂ ಅಲ್ಲಿನ ಬೇಸಗೆಯ ಇರುಳು ಅವನನ್ನು ಬೆರಗುಗೊಳಿಸಿತು. ಒಂದು ಸಂಜೆ ಬಾಗ್ದಾದ್ ಮೂಲದ ದರ್ಜಿಯೊಬ್ಬನೊಡನೆ ಗುಡಾರದಲ್ಲಿ ಮಾತನಾಡುತ್ತ ರಾತ್ರಿಯ ಪ್ರಾರ್ಥನೆಯ ಕರೆಗಾಗಿ ಕಾಯುತ್ತಿದ್ದನಂತೆ. ಕರೆ ಕೇಳಿ ಹೊರಗೆ ಬಂದರೆ ಬೆಳಗಾಗಿತ್ತು! ಕೂಗಿದ್ದು ಮುಂಜಾನೆಯ ಪ್ರಾರ್ಥನೆಗಾಗಿ. ರಾತ್ರಿಯ ಪ್ರಾರ್ಥನೆಯನ್ನು ಸಂಜೆಯದರೊಡನೆಯೇ ಸೇರಿಸಿ ಮಾಡುತ್ತೇವೆಂದು ಕರೆ ಕೊಡುವವನು ತಿಳಿಸಿದ. ಮುಂಜಾನೆಯದು ತಪ್ಪೀತೆಂಬ ಭಯದಿಂದ ತಾನು ಒಂದು ತಿಂಗಳಿನಿಂದ ರಾತ್ರಿ ನಿದ್ರಿಸಿಲ್ಲವೆಂದೂ ಹೇಳಿದ. ಸಂಜೆ ಒಲೆಯ ಮೇಲಿಟ್ಟ ಗಡಿಗೆ ಬೇಯುವಷ್ಟರಲ್ಲಿ ಮುಂಜಾನೆಯ ಪ್ರಾರ್ಥನೆಯ ಹೊತ್ತಾಗುತ್ತಿತ್ತು ಎಂದು ಇಬ್ನ್ ಫದ್ಲಾನ್ ಬರೆಯುತ್ತಾನೆ. ಆ ನಿದ್ರೆಗೆಟ್ಟ ಮನುಷ್ಯನ ಮತ ನಮ್ಮದಲ್ಲ; ಆದರೆ ಆತನ ಕಳವಳವು ನಮ್ಮ ಬಸದಿಯಲ್ಲಿ ಪ್ರಶ್ನೆ ಕೇಳಿದ ತಾಯಿಯ ಕಳವಳವೇ. ಇಂದು ಟ್ರೊಮ್ಸೊ ನಗರದಲ್ಲಿ ನೆಲೆಸಿರುವ ಮುಸ್ಲಿಮರಲ್ಲಿ ರಂಜಾನ್ ಉಪವಾಸಕ್ಕೆ ಮೆಕ್ಕಾ ನಗರದ ಸಮಯವನ್ನು ಅನುಸರಿಸುವವರಿದ್ದಾರೆ.

ಕತ್ತಲೆಯಲ್ಲಿ ಮರಳು ಗಡಿಯಾರ

ಈ ಎಲ್ಲ ವೃತ್ತಾಂತಗಳಲ್ಲಿ ನನ್ನ ಮನಸ್ಸನ್ನು ಬಹುವಾಗಿ ಸೆಳೆದದ್ದು ಹಾಲೆಂಡ್ ದೇಶದ ನಾವಿಕರ ಕಥೆ. ಉತ್ತರದ ಸಮುದ್ರದ ಮೂಲಕ ಚೀನಾ ದೇಶಕ್ಕೆ ವ್ಯಾಪಾರಮಾರ್ಗವನ್ನು ಹುಡುಕಲು 1596ರಲ್ಲಿ ಹೊರಟ ಹಡಗೊಂದು ನೋವಾಯಾ ಜೆಮ್ಲ್ಯಾ ದ್ವೀಪದ ಬಳಿ, ಸುಮಾರು 76 ಅಂಶ ಉತ್ತರದಲ್ಲಿ, ಹಿಮಗಡ್ಡೆಗಳ ನಡುವೆ ಸಿಕ್ಕಿಬಿದ್ದಿತು. ನಾಯಕ ಹೇಮ್ಸ್‌ಕೆರ್ಕ್, ಮಾರ್ಗದರ್ಶಿ ವಿಲ್ಲೆಮ್ ಬಾರೆಂಟ್ಸ್. ಹಡಗಿನಲ್ಲಿದ್ದವರು 17 ಮಂದಿ. ತೇಲಿಬಂದ ಮರ ಹಾಗೂ ಹಡಗಿನ ಹಲಗೆಗಳಿಂದ ದಡದಲ್ಲಿ ಒಂದು ಮನೆಯನ್ನು ಕಟ್ಟಿ ಚಳಿಗಾಲವನ್ನು ಕಳೆದರು. ಅವರಲ್ಲೊಬ್ಬನಾದ ಗೆರಿಟ್ ಡೆ ಫೇರ್ ಎಂಬವನು ದಿನಚರಿಯನ್ನು ಬರೆದಿಟ್ಟು 1598ರಲ್ಲಿ ಪ್ರಕಟಿಸಿದ.

ನವೆಂಬರ್ ತಿಂಗಳ ಮೊದಲ ದಿನಗಳಲ್ಲಿ ಸೂರ್ಯನು ಕಣ್ಮರೆಯಾದನು. ಡಿಸೆಂಬರ್‌ನಲ್ಲಿ ಚಳಿಯ ತೀವ್ರತೆಗೆ ಅವರ ಯಂತ್ರದ ಗಡಿಯಾರವೂ ನಿಂತುಹೋಯಿತು. ಆಗ ಉಳಿದದ್ದು ಹನ್ನೆರಡು ಗಂಟೆಗೊಮ್ಮೆ ಬರಿದಾಗುವ ಒಂದು ಮರಳು ಗಡಿಯಾರ ಮಾತ್ರ. ಅದನ್ನು ತಿರುಗಿಸುವುದನ್ನು ಒಮ್ಮೆ ಮರೆತರೂ ದಿನದ ಲೆಕ್ಕವೇ ತಪ್ಪುವುದು. ಆದ್ದರಿಂದ ಅವರು ಅದನ್ನು ಸರದಿಯಂತೆ ಕಾದರು. ಹೊರಗೆ ಹಗಲಿಲ್ಲ, ಇರುಳಿಲ್ಲ. ಒಳಗೆ ಮಾತ್ರ ದಿನಾಂಕವಿತ್ತು.

ಜನವರಿ 24ರಂದು ಡೆ ಫೇರ್ ಮತ್ತು ಹೇಮ್ಸ್‌ಕೆರ್ಕ್ ದಿಗಂತದಲ್ಲಿ ಸೂರ್ಯನ ಅಂಚನ್ನು ಕಂಡರು. ಅನುಭವಸ್ಥನಾದ ಬಾರೆಂಟ್ಸ್ ನಂಬಲಿಲ್ಲ. ಲೆಕ್ಕದ ಪ್ರಕಾರ ಇನ್ನೂ ಎರಡು ವಾರ ಇತ್ತು. ಮೂರು ದಿನಗಳ ಬಳಿಕ ಎಲ್ಲರೂ ಪೂರ್ಣ ಬಿಂಬವನ್ನೇ ಕಂಡರು. ಬಾರೆಂಟ್ಸ್ ಮನೆಗೆ ಮರಳಲಿಲ್ಲ. 1597ರ ಜೂನ್‌ನಲ್ಲಿ ತೆರೆದ ದೋಣಿಗಳಲ್ಲಿ ಹಿಂದಿರುಗುವಾಗ ದಾರಿಯಲ್ಲಿಯೇ ಮೃತನಾದ. ಬದುಕುಳಿದ 12 ಮಂದಿ ನವೆಂಬರ್ 1ರಂದು ಆಮ್ಸ್ಟರ್‌ಡ್ಯಾಮ್ ತಲುಪಿದರು. ಅಲ್ಲಿ ಪಂಡಿತರು ಅವರ ಮಾತನ್ನು ಶಂಕಿಸಿದರು. "ನೀವು ಕತ್ತಲೆಯಲ್ಲಿ ದಿನಗಳ ಎಣಿಕೆಯನ್ನು ತಪ್ಪಿದ್ದೀರಿ" ಎಂಬುದು ಆಕ್ಷೇಪದ ಸಾರ. ಡೆ ಫೇರ್ ಸೋಲಲಿಲ್ಲ. ಅದೇ ದಿನಗಳಲ್ಲಿ ಚಂದ್ರ ಮತ್ತು ಗುರುಗ್ರಹಗಳ ಯುತಿಯನ್ನು ತಾವು ಕಂಡದ್ದನ್ನು ಸಾಕ್ಷಿಯಾಗಿ ಮುಂದಿಟ್ಟು, ತಮ್ಮ ದಿನಗಣನೆ ಸರಿಯಾಗಿಯೇ ಇತ್ತೆಂದು ವಾದಿಸಿದ. ಶೀತ ಪ್ರದೇಶದ ಗಾಳಿಯ ಪದರಗಳು ಬೆಳಕನ್ನು ಬಹುದೂರ ಬಗ್ಗಿಸಿ, ದಿಗಂತದ ಕೆಳಗಿರುವ ಸೂರ್ಯನ ಬಿಂಬವನ್ನು ಮೇಲೆತ್ತಿ ತೋರಿಸಬಲ್ಲವೆಂಬುದು 20ನೆಯ ಶತಮಾನದಲ್ಲಿ ಸಿದ್ಧವಾಯಿತು. ಸುಮಾರು ನಾಲ್ಕು ಶತಮಾನಗಳ ಬಳಿಕ ಆ ಬಡ ನಾವಿಕರ ಮಾತಿಗೆ ಮನ್ನಣೆ ದೊರೆಯಿತು. ಅವರು ಸತ್ಯವಂತರೆಂದು ಸಾಬೀತಾಗಲು ಆಧಾರವಾದದ್ದು ಯಾವುದು? ಯಾರೂ ನೋಡದ ಆ ಕತ್ತಲೆಯಲ್ಲಿ ತಪ್ಪದೆ ಎಣಿಸಿದ ಲೆಕ್ಕ.

ನಮ್ಮ ಶಾಸ್ತ್ರಗಳ ಅಳತೆ

ಇನ್ನು ನಮ್ಮ ಗ್ರಂಥಗಳ ಕಡೆಗೆ ಬರೋಣ. ಶ್ವೇತಾಂಬರ ಆಗಮಗಳಲ್ಲಿ ಒಂದಾದ ಸೂರ್ಯಪ್ರಜ್ಞಪ್ತಿಯೂ ಯತಿವೃಷಭಾಚಾರ್ಯರ ತಿಲೋಯಪಣ್ಣತ್ತಿಯೂ ಹಗಲಿನ ಏರಿಳಿತವನ್ನು ವಿಸ್ತಾರವಾಗಿ ಗಣಿಸಿವೆ. ಗೊಮ್ಮಟೇಶ್ವರನನ್ನು ನಿಲ್ಲಿಸಿದ ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ ತ್ರಿಲೋಕಸಾರವು ಇದೇ ಪರಂಪರೆಯ ಕೃತಿ. ಸೂರ್ಯನು ಸಂಚರಿಸುವ ವೀಥಿಗಳು 184. ಅತಿ ದೀರ್ಘ ಹಗಲು 18 ಮುಹೂರ್ತ, ಅತಿ ಹ್ರಸ್ವ ಹಗಲು 12 ಮುಹೂರ್ತ. ಒಂದು ಅಯನದ 183 ದಿನಗಳಲ್ಲಿ ಹಗಲು ಆರು ಮುಹೂರ್ತಗಳಷ್ಟು ಬದಲಾಗುವುದರಿಂದ ದಿನಕ್ಕೆ ಒಂದು ಮುಹೂರ್ತದ 61ನೆಯ ಎರಡು ಭಾಗದಷ್ಟು ವ್ಯತ್ಯಾಸ. ಮುಹೂರ್ತವೆಂದರೆ 48 ನಿಮಿಷ. ಆದ್ದರಿಂದ ದೀರ್ಘ ಹಗಲು 14 ಗಂಟೆ 24 ನಿಮಿಷ, ಹ್ರಸ್ವ ಹಗಲು 9 ಗಂಟೆ 36 ನಿಮಿಷ. ವೇದಾಂಗ ಜ್ಯೋತಿಷದಲ್ಲಿಯೂ ಇದೇ ಆರು ಮುಹೂರ್ತಗಳ ಅಂತರವಿದೆ.

ಲೆಕ್ಕಪತ್ರ ನೋಡಿ ಬದುಕಿದವನಾದ್ದರಿಂದ ಈ ಅಂಕಿಗಳನ್ನು ತಾಳೆ ನೋಡುವ ಆಸೆ ನನಗಾಯಿತು. ಶ್ರವಣಬೆಳಗೊಳದಲ್ಲಿ ಅಂತರ ಎರಡು ಮುಹೂರ್ತವೂ ಇಲ್ಲ. ಆರು ಮುಹೂರ್ತಗಳ ಅಂತರ ನಿಜವಾಗಿ ಕಂಡುಬರುವುದು ಸುಮಾರು 34, 35 ಅಂಶ ಉತ್ತರದಲ್ಲಿ, ಅಂದರೆ ಕಾಶ್ಮೀರದ ಸುತ್ತಿನ ಅಕ್ಷಾಂಶಗಳಲ್ಲಿ. ವ್ಯತ್ಯಾಸವು ಪ್ರತಿದಿನವೂ ಒಂದೇ ಪ್ರಮಾಣದಲ್ಲಿ ನಡೆಯುವುದಿಲ್ಲ. ವಿಷುವದ ಬಳಿ ಬೇಗ, ಅಯನಾಂತದ ಬಳಿ ನಿಧಾನ. ಶಾಸ್ತ್ರದ ಗಣನೆಯು ಗ್ರಹಿಕೆಗೆ ಸುಲಭವಾಗಲೆಂದು ಅದನ್ನು ಸರಳ ಬಡ್ಡಿಯಂತೆ ಸಮವಾಗಿ ಹಂಚಿದೆ. ಇದನ್ನು ದೋಷವೆಂದು ಎತ್ತಿ ತೋರಿಸುತ್ತಿಲ್ಲ. ಪ್ರತಿಯೊಂದು ಹೇಳಿಕೆಗೂ ದ್ರವ್ಯ, ಕ್ಷೇತ್ರ, ಕಾಲ, ಭಾವಗಳ ಅಪೇಕ್ಷೆಯಿದೆಯೆಂದು ನಮ್ಮ ಆಚಾರ್ಯರೇ ಕಲಿಸಿದ್ದಾರೆ. ಹಗಲಿನ ಅಳತೆಗೆ ಕ್ಷೇತ್ರದ ಅಪೇಕ್ಷೆ ಇದೆ ಎನ್ನುವುದು ಅನೇಕಾಂತಕ್ಕೆ ಅನುಗುಣವಾದ ಮಾತೇ.

ಅದೇ ರೀತಿ, ಇರುವುದನ್ನೆಲ್ಲ ನಮ್ಮ ಹಿರಿಯರು ಕಣ್ಣಾರೆ ಕಂಡಿದ್ದರೆಂದು ಹೇಳಿಕೊಳ್ಳುವ ಅಗತ್ಯವೂ ಇಲ್ಲ. ಲೋಕಮಾನ್ಯ ತಿಲಕರು 1903ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವೇದಕಾಲದ ಜನರ ಮೂಲ ನೆಲೆ ಉತ್ತರ ಧ್ರುವ ಪ್ರದೇಶವೆಂದು ವಾದಿಸಿದ್ದರು. ವಿದ್ವಾಂಸರು ಅದನ್ನು ಒಪ್ಪಲಿಲ್ಲ. ಮೇರುವಿನಲ್ಲಿ ಆರು ತಿಂಗಳ ಹಗಲು, ಆರು ತಿಂಗಳ ಇರುಳು ಎಂಬುದು ಆರ್ಯಭಟನಿಗೂ ಸೂರ್ಯಸಿದ್ಧಾಂತಕ್ಕೂ ಗಣಿತದಿಂದಲೇ ತಿಳಿದಿತ್ತು. ಗಣಿತವು ಕಾಲಿಡದ ನಾಡನ್ನೂ ತೋರಿಸಬಲ್ಲದು. ಆದರೆ ಅಲ್ಲಿ ಬದುಕುವವನ ಊಟದ ಹೊತ್ತನ್ನು ಯಾವ ಸಿದ್ಧಾಂತ ಗ್ರಂಥವೂ ನಿರ್ಧರಿಸಿಟ್ಟಿಲ್ಲ. ಆ ಅವಶ್ಯಕತೆ ಅಂದು ಇರಲಿಲ್ಲ.

ಇಂದು ಆ ಅವಶ್ಯಕತೆ ಬಂದಿದೆ. ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ 1988ರಲ್ಲಿ ಜಿನಾಲಯ ಆರಂಭವಾಯಿತು. ಬೆಲ್ಜಿಯಂ ದೇಶದ ಆಂಟ್ವೆರ್ಪ್ ನಗರದಲ್ಲಿ ವಜ್ರ ವ್ಯಾಪಾರಕ್ಕಾಗಿ ನೆಲೆಸಿದ ಜೈನ ಕುಟುಂಬಗಳು ಜಿನಮಂದಿರವನ್ನು ನಿರ್ಮಿಸಿಕೊಂಡಿವೆ. ಲೆಸ್ಟರ್‌ನಲ್ಲಿ ಜೂನ್ ತಿಂಗಳ ಹಗಲು ಸುಮಾರು 16 ಗಂಟೆ 50 ನಿಮಿಷ, ಡಿಸೆಂಬರ್ ತಿಂಗಳದು 7 ಗಂಟೆ 40 ನಿಮಿಷ. ಬೇಸಗೆಯಲ್ಲಿ ರಾತ್ರಿ ಒಂಬತ್ತೂವರೆಗೆ ಸೂರ್ಯಾಸ್ತ. ಚಳಿಗಾಲದಲ್ಲಿ ನಾಲ್ಕು ಗಂಟೆಗೂ ಮೊದಲೇ. ಶಾಲೆಯಿಂದ ಮಗು ಮನೆ ಸೇರುವಷ್ಟರಲ್ಲಿ ಹಗಲು ಮುಗಿದಿರುತ್ತದೆ. ಉದ್ಯೋಗಸ್ಥರು ಕಚೇರಿಯಲ್ಲಿಯೇ ಬುತ್ತಿ ಬಿಚ್ಚಬೇಕು. ಹಾಗಿದ್ದೂ ಅಲ್ಲಿ ಸೂರ್ಯನಿದ್ದಾನೆ, ಪ್ರತಿದಿನ ಮೂಡಿ ಮುಳುಗುತ್ತಾನೆ. ಕಷ್ಟವಾದರೂ ನಿಯಮ ಸ್ಪಷ್ಟವಾಗಿದೆ. ಟ್ರೊಮ್ಸೊದಲ್ಲಿ ಆ ಸ್ಪಷ್ಟತೆಯೇ ಇಲ್ಲ.

ಒಂದೇ ಅಳತೆ

ಆಗ ವ್ರತದ ಕಾರಣವನ್ನು ಕೇಳಬೇಕಾಗುತ್ತದೆ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ರಾತ್ರಿ ಭೋಜನದ ವಿಚಾರವನ್ನು ಚರ್ಚಿಸುವಾಗ ಎರಡು ಕಾರಣಗಳನ್ನು ಮುಂದಿಡುತ್ತಾರೆ. ಒಂದು, ಸೂರ್ಯನ ಬೆಳಕಿಲ್ಲದಾಗ, ದೀಪ ಹಚ್ಚಿದರೂ, ಆಹಾರದಲ್ಲಿ ಬಿದ್ದ ಸೂಕ್ಷ್ಮ ಜೀವಿಗಳ ಹಿಂಸೆಯನ್ನು ತಪ್ಪಿಸಲಾಗದು. ಎರಡು, ಹಗಲೂ ಇರುಳೂ ಉಣ್ಣುವವನಲ್ಲಿ ರಾಗವು ಅಧಿಕ. ರಾಗವೇ ಹಿಂಸೆಯ ಮೂಲ. ಹಾಗಾದರೆ ಹಗಲನ್ನು ಬಿಟ್ಟು ರಾತ್ರಿ ಮಾತ್ರ ಉಂಡರೆ ಹೇಗೆ ಎಂಬ ಆಕ್ಷೇಪವನ್ನೂ ಅವರೇ ಎತ್ತಿ, ರಾತ್ರಿಯ ಭೋಜನದಲ್ಲಿ ರಾಗವು ಹೆಚ್ಚೆಂದು ಅದನ್ನು ನಿರಾಕರಿಸುತ್ತಾರೆ. ಸಮಂತಭದ್ರಾಚಾರ್ಯರ ರತ್ನಕರಂಡ ಶ್ರಾವಕಾಚಾರದಲ್ಲಿ ರಾತ್ರಿಭುಕ್ತಿವಿರತಿಯು ಶ್ರಾವಕನ ಆರನೆಯ ಪ್ರತಿಮೆ. ಎಂದರೆ ಈ ನಿಯಮಕ್ಕೆ ಕಣ್ಣಿನ ಎಚ್ಚರ ಒಂದು ಕಾಲು, ನಾಲಗೆಯ ಸಂಯಮ ಇನ್ನೊಂದು ಕಾಲು.

ಟ್ರೊಮ್ಸೊದ ಬೇಸಗೆಯಲ್ಲಿ ಕಣ್ಣಿನ ಕಾರಣ ನಡುರಾತ್ರಿಯೂ ಈಡೇರುತ್ತದೆ; ಡಿಕುಯಿಲನ ಧರ್ಮಗುರುಗಳು ಹೇಳಿದಂತೆ ಕ್ಷುದ್ರಜೀವಿಯೂ ಕಾಣುತ್ತದೆ. ಆದರೆ ದಿನದ 24 ಗಂಟೆಯೂ ಉಣ್ಣಲು ಅನುಮತಿ ಎಂದರೆ ಸಂಯಮದ ಕಾರಣ ಪೂರ್ಣವಾಗಿ ಬಿದ್ದುಹೋಗುತ್ತದೆ. ಚಳಿಗಾಲದಲ್ಲಿ ಇದರ ವಿರುದ್ಧ. ಅಲ್ಲಿಯೂ ನಡುಹಗಲಿನಲ್ಲಿ ಕಗ್ಗತ್ತಲೆ ಇರುವುದಿಲ್ಲ. ಸೂರ್ಯನು ದಿಗಂತದಿಂದ ಮೂರು ಅಂಶದಷ್ಟೇ ಕೆಳಗಿರುವುದರಿಂದ ಕೆಲವು ಗಂಟೆಗಳ ಕಾಲ ನಮ್ಮ ಸಂಧ್ಯಾಕಾಲದಂಥ ಬೆಳಕಿರುತ್ತದೆ. ಲಾಂಗ್‌ಯಿಯರ್‌ಬ್ಯೆನ್‌ನಲ್ಲಿ ಡಿಸೆಂಬರ್ ತಿಂಗಳ ನಡುಹಗಲಿಗೆ ಅದೂ ಇಲ್ಲವೆನ್ನಬೇಕು.

ಇಲ್ಲಿ ವ್ಯಾಪಾರಿಯಾದ ನನಗೆ ತತ್ತ್ವಾರ್ಥಸೂತ್ರದ ಒಂದು ಎಚ್ಚರಿಕೆ ನೆನಪಾಗುತ್ತದೆ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನವೂ ಒಂದು. ಕೊಳ್ಳುವಾಗ ದೊಡ್ಡ ಸೇರು, ಮಾರುವಾಗ ಚಿಕ್ಕ ಸೇರು ಇಟ್ಟುಕೊಳ್ಳುವುದು. ಉತ್ತರದ ನಾಡಿನಲ್ಲಿ ವ್ರತಧಾರಿಗೆ ಒದಗುವ ಅಪಾಯ ಇಂಥದೇ. ಬೇಸಗೆಯಲ್ಲಿ ನಿಯಮದ ಅಕ್ಷರವನ್ನು ಹಿಡಿದು "ಸೂರ್ಯ ಮುಳುಗಿಲ್ಲವಲ್ಲ" ಎಂದು ನಡುರಾತ್ರಿ ಉಣ್ಣುವುದು. ಚಳಿಗಾಲದಲ್ಲಿ ನಿಯಮದ ಭಾವವನ್ನು ಹಿಡಿದು "ಬದುಕಬೇಕಲ್ಲ" ಎಂದು ಬೇಕಾದಾಗ ಉಣ್ಣುವುದು. ಎರಡು ಋತುಗಳಿಗೆ ಎರಡು ಸೇರು! ಅಕ್ಷರವನ್ನೇ ನಂಬುವುದಾದರೆ ಚಳಿಗಾಲದ ಏಳು ವಾರಗಳನ್ನೂ ಹಾಗೆಯೇ ನಂಬಬೇಕು, ಅದು ಅಸಾಧ್ಯ. ಆದ್ದರಿಂದ ಭಾವವನ್ನು ಹಿಡಿಯುವುದಾದರೆ ಬೇಸಗೆಯಲ್ಲಿಯೂ ಅದನ್ನೇ ಹಿಡಿಯಬೇಕು. ನಿಜವಾದ ಪರೀಕ್ಷೆ ಕತ್ತಲೆಯಲ್ಲಲ್ಲ, ಬೆಳಕಿನಲ್ಲಿ. ಕಿಟಕಿಯ ಹೊರಗೆ ಬಿಸಿಲು ಹೊಳೆಯುತ್ತಿರುವಾಗ ಗಡಿಯಾರ ನೋಡಿ ತಟ್ಟೆಯನ್ನು ಸರಿಸುವವನ ವ್ರತ, ಕತ್ತಲಾಯಿತೆಂದು ಊಟ ಬಿಡುವ ನಮ್ಮ ವ್ರತಕ್ಕಿಂತ ಕಠಿಣವಾದದ್ದು.

ಒಂದೇ ಅಳತೆ ಯಾವುದಿರಬೇಕು? ಮುಹೂರ್ತವು ಅಹೋರಾತ್ರದ ಮೂವತ್ತನೆಯ ಭಾಗ. ಸೂರ್ಯನು ಕಾಣಲಿ ಬಿಡಲಿ, ಅದು ಎಲ್ಲೆಡೆಯೂ 48 ನಿಮಿಷ. ಸಾಮಾಯಿಕಕ್ಕೆ ಕುಳಿತವನಿಗೆ ಇದರ ಪರಿಚಯವಿದೆ. ಅಂದರೆ ಸೂರ್ಯದರ್ಶನವನ್ನು ಅವಲಂಬಿಸದ ಕಾಲಮಾನ ನಮ್ಮ ಪರಂಪರೆಯಲ್ಲಿಯೇ ಇದೆ. ವ್ರತ ಸ್ವೀಕರಿಸಿದ ಊರಿನ ಉದಯಾಸ್ತಗಳ ಗಂಟೆಯನ್ನು ಅಲ್ಲಿನ ಗಡಿಯಾರಕ್ಕೆ ಅನ್ವಯಿಸಿಕೊಳ್ಳಬಹುದು. ಇಲ್ಲವೆ ಆಹಾರಕ್ಕೆ ಇಂತಿಷ್ಟೇ ಮುಹೂರ್ತಗಳೆಂದು ಗೊತ್ತುಪಡಿಸಿಕೊಳ್ಳಬಹುದು. ಯಾವುದು ಯುಕ್ತವೆಂದು ವ್ರತವನ್ನು ಕೊಟ್ಟ ಗುರುಗಳೇ ಹೇಳಬೇಕು. ಪಾದವಿಹಾರಿಗಳಾದ ನಮ್ಮ ಮುನಿಗಳು ಆ ನಾಡುಗಳಿಗೆ ಹೋಗಲಾರರು. ಆದುದರಿಂದ ಪ್ರಶ್ನೆಯನ್ನು ಅವರ ಬಳಿಗೆ ಒಯ್ಯುವ ಹೊಣೆ ಗೃಹಸ್ಥರ ಮೇಲಿದೆ.

ನಮ್ಮ ಬಸದಿಗಳ ಆಡಳಿತ ಮಂಡಳಿಗಳಲ್ಲಿ ನನ್ನ ವಿನಂತಿ ಇಷ್ಟೇ. ಪ್ರತಿವರ್ಷ ಪಂಚಾಂಗದಲ್ಲಿ ಊರಿನ ಸೂರ್ಯೋದಯ, ಸೂರ್ಯಾಸ್ತಗಳನ್ನು ಮುದ್ರಿಸುತ್ತೇವೆ. ಪ್ರತಿಯೊಂದು ಊರಿನಿಂದಲೂ ಮಕ್ಕಳು ದೂರದೇಶಗಳಿಗೆ ಹೋಗುತ್ತಿರುವ ಈ ದಿನಗಳಲ್ಲಿ, ಅಂಥವರಿಗೆ ಅನ್ವಯಿಸುವ ನಿಯಮವನ್ನು ಆಚಾರ್ಯರಿಂದ ಕೇಳಿ ತಿಳಿದು ಅದರ ಪಕ್ಕದಲ್ಲಿ ನಾಲ್ಕು ಸಾಲು ಮುದ್ರಿಸಿದರೆ ಅವರಿಗೆ ಬಹಳ ಉಪಕಾರವಾದೀತು. ನಿಯಮ ಗೊತ್ತಿಲ್ಲದೆ ವ್ರತ ಬಿಟ್ಟವರ ಸಂಖ್ಯೆ, ಬೇಡವೆಂದು ಬಿಟ್ಟವರಿಗಿಂತ ಹೆಚ್ಚಿರಬಹುದೆಂದು ನನ್ನ ಅನುಮಾನ.

ಆ ತಾಯಿಗೆ ಮುಂದಿನ ವಾರ ಇಷ್ಟನ್ನೂ ಹೇಳಿದೆ. ಅವರು ಮಗನಿಗೆ ತಿಳಿಸಿ, ಮುನಿಗಳನ್ನು ಕಾಣಲು ಹೋಗುವುದಾಗಿ ಹೇಳಿದರು. ಅಲ್ಲಿಯವರೆಗೆ ಏನು ಮಾಡಲಿ ಎಂದು ಕೇಳಿದರು. ನಮ್ಮ ಊರಿನ ಹೊತ್ತನ್ನೇ ಇಟ್ಟುಕೊಳ್ಳಲಿ, ಬೇಸಗೆಯಲ್ಲಿಯೂ ಅದನ್ನು ಬದಲಿಸದಿರಲಿ ಎಂದೆ. ಬೆಳಕು ಸುಳ್ಳು ಹೇಳುವ ನಾಡಿನಲ್ಲಿ ಮರಳು ಗಡಿಯಾರವನ್ನು ತಿರುಗಿಸುವ ಕೈ ತಪ್ಪದಿದ್ದರೆ ಸಾಕು.